ಉಂಡ ಎಲೆ

ಗಾಯಕ್ಕೆ ಅಂಟಿದ ಬಟ್ಟೆ ಬಿಡಿಸಿದರೆ ಚರ್ಮವೂ ಜೊತೆಗೆ ಬರುತ್ತಿತ್ತು. ನಾಲ್ಕು ವರ್ಷದ ಪುಟ್ಟಕ್ಕನಿಗೆ ಅಳಲೂ ಉಸಿರಿರಲಿಲ್ಲ. ಗೌಡರ ಆಲೆಮನೆಯಲ್ಲಿ ತಾಯಿ ಮೈಲಾರಮ್ಮ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದಾಗ, ಪಕ್ಕದಲ್ಲೇ ಮಲಗಿದ್ದ ಮಗುವಿನ ಬೆನ್ನ ಮೇಲೆ ಕುದಿಯುವ ಕಬ್ಬಿನ ಹಾಲು ಉಕ್ಕಿ ಚೆಲ್ಲಿತ್ತು.

ರಾಯದುರ್ಗದ ದವಾಖಾನೆಯಲ್ಲಿ, ಮದರಾಸಿನಲ್ಲಿ ಓದಿ ಬಂದ ಡಾಕ್ಟರು ಬಟ್ಟೆ ಬೇಡವೆಂದರು.

“ಬಾಳೆಯ ಎಳೇ ಎಲೆ ತಗೋಮ್ಮ. ಕುದಿಯೋ ನೀರಲ್ಲಿ ಅದ್ದಿ, ಆರಿಸಿ ಹೊದಿಸು. ಗಾಯಕ್ಕೆ ಅಂಟೋದಿಲ್ಲ. ದಿನಾ ಹೊಸದು ಹಾಕು. ಖರ್ಚೇ ಇಲ್ಲ.”

ಮೈಲಾರಮ್ಮನಿಗೆ ಜೀವ ಬಂತು. ಹಗರಿ ಹೊಳೆಯ ದಂಡೆಯ ಗೌಡರ ತೋಟದಲ್ಲಿ ಗುಣಿ ತೋಡಿ ಬಾಳೆ ನೆಟ್ಟವಳು ಅವಳೇ.

ಬೊಮ್ಮಣ್ಣ ಗೌಡ ತೋಟದ ಬಾಗಿಲಲ್ಲಿ ಎಲೆ ಅಡಿಕೆ ಅಗಿಯುತ್ತಿದ್ದ.

“ಎರಡು ಎಳೀ ಎಲಿ ಬೇಕಾಗಿದ್ವು ಧಣೇರ. ಕೂಸಿಗೆ.”

“ದೇವರ ಎಡೀಗೆ ಹೋಗೋ ಎಲಿ ಅವು. ನೀ ಕೊಯ್ದ್ರ ಗಿಡನ ಮೈಲಿಗಿ ಆಕ್ಕತಿ.”

“ನೆಟ್ಟಾಕಿ ನಾನ ಅಲ್ಲೇನ್ರಿ?”

“ನೆಡಾದು ಬ್ಯಾರೆ, ಕೊಯ್ಯಾದು ಬ್ಯಾರೆ. ನಾಳೆ ಮನ್ಯಾಗ ಊಟ ಐತಿ. ಉಂಡ ಎಲಿ ನಿಮ್ ಕೇರೀವ ಅಲ್ಲೇನು? ಬೇಕಾದಷ್ಟು ಒಯ್ಯಿ.”

ಎಲೆ ಎಲೆಯೇ ಅಲ್ಲವೇ ಎಂದುಕೊಂಡಳು ಅವಳು. ಮರುದಿನ ಹಿತ್ತಲಿಗೆ ಎಸೆದ ಎಂಜಲೆಲೆಗಳಲ್ಲಿ ಹರಿಯದವನ್ನು ಆರಿಸಿ ತಂದಳು. ತೊಳೆದಳು. ನೀರು ಸಾಲದೆ ಎಲ್ಲವನ್ನೂ ಒಂದೇ ಗಡಿಗೆಯ ಕುದಿಯುವ ನೀರಲ್ಲಿ ಅದ್ದಿದಳು. ಸಾಲುಸಾಲು ಜನ ಉಂಡ ಎಲೆಗಳ ಉಪ್ಪು, ಉಪ್ಪಿನಕಾಯಿಯ ಖಾರ ಆ ನೀರಿಗೆ ಇಳಿದದ್ದು ಅವಳ ಕಣ್ಣಿಗೆ ಕಾಣಲಿಲ್ಲ.

“ಅವ್ವಾ, ಕತಿ ಹೇಳು,” ಎಂದಳು ಪುಟ್ಟಕ್ಕ.

“ಬಾಳಿಗಿಡದ ಸುಳಿಯೊಳಗ ಒಂದು ಕೂಸು ಮಲಗಿತ್ತಂತ.”

“ಅದಕ್ಕ ಉರೀತಿತ್ತೇನಬೇ?”

“ಇಲ್ಲವ್ವ. ತಣ್ಣಗಿತ್ತಂತ.”

ಎಲೆ ಬೆನ್ನಿಗೆ ತಾಗಿತು. ಪುಟ್ಟಕ್ಕ ಕೂಗಿದ ಕೂಗಿಗೆ ಪಕ್ಕದ ಗುಡಿಸಲಿನ ಕದರಮ್ಮ ಓಡಿ ಬಂದಳು. ಎಲೆಯನ್ನು ಕಿತ್ತು ಮೂಸಿದಳು. ನಾಲಿಗೆಗೆ ಹಚ್ಚಿದಳು. ಅವಳ ಮುಖ ಕಪ್ಪಿಟ್ಟಿತು.

“ಉಪ್ಪು, ಮೈಲಾರಿ.”

ಗಾಯ ಕೀವುಗಟ್ಟಿತು. ಜ್ವರ ಏರಿತು. ಸಂತೆಯ ದಿನ ಬರುವುದರೊಳಗೆ ಮಗು ಮಣ್ಣಾಯಿತು.

ಮೂರನೆಯ ದಿನ ಮಗುವಿನ ಗುಂಡಿಗೆ ಹಾಲು ಬಿಡಲು ಕೇರಿಯ ಹೆಂಗಸರೆಲ್ಲ ಹೋಗಿದ್ದರು. ಗೌಡ ಅಲ್ಲಿಗೇ ಬಂದ. ದೂರ ನಿಂತ.

“ಆಗಿದ್ದು ಆತು. ಏಳ್ರಿ. ತೋಟಕ್ಕ ನೀರಿಲ್ಲ, ಗಿಡ ಬಾಡ್ಯಾವು.”

ಮೈಲಾರಮ್ಮ ತಲೆ ಎತ್ತಲಿಲ್ಲ.

“ನಾವು ಬಂದ್ರ ಮೈಲಿಗಿ ಆಕ್ಕಾವ್ರಿ.”

“ಏನಂದಿ?”

“ನೀವ ಹಾಯಿಸ್ಕೊಳ್ರಿ ಅಂದೆ.”

ಗೌಡ ಉಳಿದವರ ಕಡೆ ನೋಡಿದ. “ಕದರೀ, ನೀನರ ಏಳು.”

ಕದರಮ್ಮ ಏಳಲು ನೆಲಕ್ಕೆ ಕೈ ಊರಿದ್ದಳು. ಆ ಕೈಯನ್ನೇ ಮೈಲಾರಮ್ಮನ ಬೆನ್ನ ಮೇಲಿಟ್ಟು ಮತ್ತೆ ಕೂತಳು. ಒಬ್ಬಳೂ ಏಳಲಿಲ್ಲ. ಬಿಸಿಲು ಏರಿತು. ಗೌಡ ನಿಂತೇ ಇದ್ದ.