ಮಣೆಯ ಮೇಲಿನ ಕ್ರಾರ್

2017ರಲ್ಲಿ ಮಹಾನವಮಿ ಶುಕ್ರವಾರ ಬಂದಿತ್ತು. ಅಂದು ಸಂಜೆ ಕೊಲ್ಲಿ ದೇಶದ ಆ ನಗರದಲ್ಲಿ, ರಿಗ್ಗೈ ಬಡಾವಣೆಯ ಒಂದು ಹಾಲ್‌ನಲ್ಲಿ ಮುಲುಗೇಟಾನ ತಂಗಿಯ ಮದುವೆ. ನುಡಿಸಬೇಕಾದವನು ಅವನೇ. ಅವನ ಕ್ರಾರ್ ಮಾತ್ರ ಅಬ್ಬಾಸಿಯಾದಲ್ಲಿ, ಸುಗಂಧಿಯ ದೇವರ ಮಣೆಯ ಮೇಲಿತ್ತು.

ಕ್ರಾರ್ ಅವನ ದೇಶ ಇಥಿಯೋಪಿಯಾದ ವಾದ್ಯ. ಮರದಲ್ಲಿ ಕೊರೆದ ಬೋಗುಣಿಗೆ ಚರ್ಮ ಬಿಗಿದಿರುತ್ತದೆ; ಎರಡು ತೋಳು, ಮೇಲೊಂದು ಅಡ್ಡಕೋಲು, ಆರು ತಂತಿ. ತನ್ನ ರೂಮಿನ ಜೊತೆಗಾರರಿಗೆ ಸದ್ದು ಹಿಡಿಸದ ಕಾರಣ ಮುಲುಗೇಟಾ ಅದನ್ನು ತನ್ನ ಜೊತೆ ಹೋಟೆಲಿನಲ್ಲಿ ಕೆಲಸ ಮಾಡುವ ಸುಂದರನ ಮನೆಯಲ್ಲಿಟ್ಟಿದ್ದ. ಸುಂದರನ ಹೆಂಡತಿ ಸುಗಂಧಿ ಶಾರದಾ ಪೂಜೆಗೆ ಮಗಳ ಪುಸ್ತಕಗಳ ಜೊತೆ ಅದನ್ನೂ ಇಟ್ಟು ಗಂಧ ಹಚ್ಚಿದ್ದಳು. ಇನ್ನು ವಿಜಯದಶಮಿಯವರೆಗೆ, ಅಂದರೆ ಶನಿವಾರದವರೆಗೆ, ಪುಸ್ತಕವಾಗಲಿ ವಾದ್ಯವಾಗಲಿ ಎತ್ತುವಂತಿಲ್ಲ.

"ಒಂದು ದಿನ ಮೊದಲು ಎತ್ತಿದ್ರೆ ಎಂತ ಆಗ್ತದೆ ಮಾರಾಯ್ತಿ?" ಎಂದ ಸುಂದರ.

"ಎಂತ ಆಗ್ತದೆ ಅಂತ ನೋಡ್ಲಿಕ್ಕೆ ನನ್ನ ಮನೆಯೇ ಬೇಕಾ ನಿಮಗೆ?"

ಬಾಗಿಲಲ್ಲಿ ಕೋಟು ತೊಟ್ಟು ನಿಂತಿದ್ದ ಮುಲುಗೇಟಾ ಹೋಟೆಲಿನಲ್ಲಿ ಕಲಿತ ಹಿಂದಿಯಲ್ಲಿ ಬೇಡಿಕೊಂಡ. "ಭಾಬಿ, ಕ್ರಾರ್ ನಹೀ ತೋ ಶಾದಿ ಖಲಾಸ್."

"ನೋ ಎಕ್ಸೆಪ್ಶನ್ಸ್, ಮಮ್ಮಿ," ಎಂದಳು ಮಗಳು ಅಶ್ಮಿತಾ. ಅಲ್ಲಿ ಶಾಲೆಯ ವಾರ ಶುರುವಾಗುವ ಭಾನುವಾರವೇ ಅವಳಿಗೆ ಗಣಿತದ ಟೆಸ್ಟ್ ಇತ್ತು. ಗಣಿತದ ಪುಸ್ತಕವನ್ನು ಯಾರೂ ಹೇಳದೆ ತಾನೇ ಮಣೆಗೆ ತಂದಿಟ್ಟಿದ್ದಳು.

ಸುಗಂಧಿ ಶಾರದೆಯ ಫೋಟೊ ನೋಡಿದಳು, ಮುಲುಗೇಟಾನ ಕೋಟು ನೋಡಿದಳು.

"ಅವಳೆದುರು ನುಡಿಸಿದ್ರೆ ಅದು ಸೇವೆ. ಅವಳನ್ನು ಬಿಟ್ಟು ಕೊಂಡುಹೋಗ್ಲಿಕ್ಕೆ ಮಾತ್ರ ಇಲ್ಲ. ಆ ಕಡೆ ಮಣೆ ಹಿಡೀರಿ."

ಫೋಟೊ, ಕ್ರಾರ್, ಪುಸ್ತಕ ಸಮೇತ ಮಣೆ ಸುಗಂಧಿಯ ತೊಡೆಯೇರಿ ಕಾರಿನಲ್ಲಿ ರಿಗ್ಗೈಗೆ ಹೊರಟಿತು. ರಸ್ತೆಯ ಉಬ್ಬು ಬಂದಾಗಲೆಲ್ಲ ತಂತಿ ಮಿಡಿಯುತ್ತಿತ್ತು. "ನಾನು ಮುಟ್ಲಿಲ್ಲ," ಎಂದು ಸುಗಂಧಿ ಫೋಟೊಗೆ ಹೇಳುತ್ತಿದ್ದಳು.

ಹಾಲ್‌ನಲ್ಲಿ ಮೇಜಿನ ಮೇಲೆ ಮಣೆ ಇಟ್ಟರು. ಮುಲುಗೇಟಾ ಎದುರು ಕುರ್ಚಿ ಎಳೆದುಕೊಂಡು ಕೂತು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಕ್ರಾರ್ ಎತ್ತಿಕೊಂಡ. ಮದುಮಗಳ ಸಮೇತ ಎಲ್ಲರೂ ತಮ್ಮ ನಾಡಿನ ಕುಣಿತದಂತೆ ಭುಜ ಕುಣಿಸತೊಡಗಿದರು. ಅವನ ಚಿಕ್ಕಮ್ಮ ಶಾರದೆಯ ಕೈಯ ವೀಣೆಯನ್ನು ಬಹಳ ಹೊತ್ತು ನೋಡಿ ಏನೋ ಕೇಳಿದಳು.

"ಭಾಬಿ, ಪೂಛ್ತೀ ಹೈ, ಇಸ್ ಮೇಡಂ ಕಾ ನಂಬರ್ ಕಬ್?" ಎಂದ ಮುಲುಗೇಟಾ. ವೀಣೆಯವಳು ನುಡಿಸುವ ಸರದಿ ಯಾವಾಗ ಎಂದು ಚಿಕ್ಕಮ್ಮನ ಪ್ರಶ್ನೆ.

"ನಾಳೆ ಅಂತ ಹೇಳಿ," ಎಂದಳು ಸುಗಂಧಿ. ಕುಣಿಯುವವರ ಗುಂಪಿಗೆ ಜಾರುತ್ತಿದ್ದ ಅಶ್ಮಿತಾಳ ಕೈ ಹಿಡಿದು ಗಣಿತದ ಪುಸ್ತಕ ಬಿಡಿಸಿದಳು.

"ಅವಳೆದುರು ಓದಿದ್ರೂ ಸೇವೆಯೇ. ಯಾವ ಚಾಪ್ಟರ್?"

"ಮಮ್ಮಿ, ಇಟ್ಸ್ ಎ ವೆಡ್ಡಿಂಗ್!"

"ಅದು ಅವರಿಗೆ. ಕೂತ್ಕೊ."