ಸಿಕ್ತಕ್ಕ ಹಿಡಿದ ಕೈ

ಬಸ್ ನಿಲ್ದಾಣದ ಕಳೆದ ಸಾಮಾನುಗಳ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಊರಿಗೆ ಮರೆತೇ ಹೋಗಿತ್ತು. ಎಲ್ಲರ ಬಾಯಲ್ಲೂ ಅವಳು ಸಿಕ್ತಕ್ಕ. ಕಳೆದುಕೊಂಡವರ ಕೈ ಹಿಡಿದು, ಕಣ್ಣು ಮುಚ್ಚಿ, ಒಂದು ನಿಮಿಷ ಕೂತು "ಸಿಕ್ತು" ಅನ್ನುತ್ತಿದ್ದಳು. ಹೇಳಿದ ಜಾಗದಲ್ಲಿ ವಸ್ತು ಇರುತ್ತಿತ್ತು. ಹೇಗೆ ಎಂದು ಕೇಳಿದರೆ ಅವಳಿಗೂ ತಿಳಿಯದು. ಕಳೆದುಕೊಂಡವರು ಮನಸಾರೆ ಹುಡುಕುತ್ತಿರಬೇಕು, ಅವರ ಕೈ ತನ್ನ ಕೈಯಲ್ಲಿರಬೇಕು, ಇಷ್ಟು ಮಾತ್ರ ಗೊತ್ತಿತ್ತು.

ಇಂಥವಳನ್ನು ಪೊಲೀಸರು ಬಿಟ್ಟಾರೆಯೇ? ಎರಡು ತಿಂಗಳಲ್ಲಿ ಊರಿನ ಮೂವರು ಹೆಂಗಸರ ಕೊಲೆಯಾಗಿತ್ತು. ಮೂವರೂ ಒಂಟಿಯಾಗಿ ಇದ್ದವರು, ಮೂರು ಮನೆಗೂ ಹೊರಗಿನಿಂದ ಬೀಗ. ಮೊದಲು ಮೂಗು ಮುರಿದ ಇನ್ಸ್‌ಪೆಕ್ಟರು ಎರಡನೆಯ ಕೊಲೆಯಾದ ಮೇಲೆ ತಾವೇ ಜೀಪು ಕಳಿಸಿ ಅವಳನ್ನು ಕರೆಸಿಕೊಂಡರು. ಆಮೇಲೆ ನಡೆದದ್ದೆಲ್ಲ ನಗೆಪಾಟಲು. ಸತ್ತವರ ಬಟ್ಟೆ ಮುಟ್ಟು, ಫೋಟೋ ಮುಟ್ಟು, ಗೋಡೆ ಮುಟ್ಟು, ಕೊಲೆಗಾರನ ಮುಖ ಹೇಳು ಎಂದರು. ಅವಳು ಮುಟ್ಟಿದ್ದೇ ಬಂತು, ಏನೂ ಕಾಣಲಿಲ್ಲ. ಸತ್ತವರು ಏನನ್ನೂ ಹುಡುಕುವುದಿಲ್ಲ ಎಂದು ಎಷ್ಟು ಹೇಳಿದರೂ ಆ ದೊಡ್ಡ ಮನುಷ್ಯರ ತಲೆಗೆ ಹೋಗಲಿಲ್ಲ. ನಡುವೆ ಠಾಣೆಯವರ ಸ್ವಂತ ಕೆಲಸಗಳು ಮಾತ್ರ ಸಲೀಸಾಗಿ ಆದವು. ಇನ್ಸ್‌ಪೆಕ್ಟರ ಕನ್ನಡಕ ಸಿಕ್ಕಿತು, ದಫೇದಾರರ ಹೆಂಡತಿಯ ಓಲೆ ಸಿಕ್ಕಿತು, ಹನ್ನೊಂದು ವರ್ಷದ ಹಿಂದೆ ಮಾಯವಾದ ಒಂದು ಕಡತವೂ ಸಿಕ್ಕಿತು.

ಮೂರನೆಯ ಕೊಲೆಯಾದಾಗ ಮೇಲಿನವರು ಯಾರನ್ನಾದರೂ ಹಿಡಿಯಿರಿ ಎಂದು ಬೆನ್ನುಬಿದ್ದರು. ಮೂರೂ ಮನೆಗೆ ಹೋಗಿಬರುತ್ತಿದ್ದವರ ಪಟ್ಟಿ ತಯಾರಾಯಿತು. ಅದರಲ್ಲಿ ಉಳಿದವನು ಒಬ್ಬನೇ, ಗ್ಯಾಸ್ ಸಿಲಿಂಡರ್ ತಂದುಕೊಡುವವನು. ಅವನು ಸಿಕ್ತಕ್ಕನ ಒಡಹುಟ್ಟಿದ ತಮ್ಮ. ಅವನನ್ನೇ ಹಿಡಿದು ಲಾಕಪ್ಪಿಗೆ ಹಾಕಿದರು.

ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ದೊಡ್ಡ ಕೋರ್ಟಿಗೆ ಸಾಗಿಸುವುದೆಂದು ಗೊತ್ತಾಗಿತ್ತು. ಒಮ್ಮೆ ವ್ಯಾನು ಹೊರಟರೆ ಇಲ್ಲಿ ಇನ್ನು ಯಾರೂ ಹುಡುಕುವುದಿಲ್ಲ, ತಮ್ಮ ನೇಣಿಗೆ ಹೋಗುತ್ತಾನೆ, ಕೊಂದವನು ಹಾಯಾಗಿ ಊರಲ್ಲೇ ಓಡಾಡಿಕೊಂಡಿರುತ್ತಾನೆ. ಇದನ್ನು ನೆನೆದೇ ಸಿಕ್ತಕ್ಕ ಅಂದು ಠಾಣೆಗೆ ಬಂದು ಲಾಕಪ್ಪಿನ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಆದರೆ ಹತ್ತೂವರೆಗೆ, ಅವಸರದಲ್ಲಿ ತಿರುಗಿಸಿದ ಪೇದೆಯ ಕೈಯಲ್ಲಿ ಲಾಕಪ್ಪಿನ ಕೀಲಿ ಮುರಿದು ಅರ್ಧ ಬೀಗದೊಳಗೇ ಉಳಿಯಿತು. ಬೀಗ ರಿಪೇರಿಯವನಿಗೆ ಹೇಳಿಕಳಿಸಿದರು. ಮೂರು ಮನೆಗಳ ಬಾಗಿಲನ್ನೂ ಪೊಲೀಸರಿಗೆ ತೆರೆದುಕೊಟ್ಟವನು ಅವನೇ. ಠಾಣೆಗೆ ಬಳಕೆಯ ಮನುಷ್ಯ.

ಸಿಕ್ತಕ್ಕನ ಎದುರಿನ ಬೆಂಚಿನಲ್ಲಿ ಕೊಲೆಯಾದ ಮೂರನೆಯವಳ ತಾಯಿ ಕೂತಿದ್ದಳು. ಮಗಳನ್ನು ಕೊಂದವನನ್ನು ವ್ಯಾನಿಗೆ ಹತ್ತಿಸುವುದನ್ನು ಕಣ್ಣಾರೆ ನೋಡಿ ಹೋಗಲು ಬಂದವಳು. ಬಂದೊಡನೆ ಸರಳುಗಳ ಮುಂದೆ ನಿಂತು, ನಿನ್ನ ವಂಶ ನಾಶವಾಗಲಿ ಎಂದು ಶಪಿಸಿ, ಒಳಗಿದ್ದವನ ಮುಖಕ್ಕೆ ಉಗಿದಿದ್ದಳು. ಅವನು ಒರೆಸಿಕೊಳ್ಳದೆ ನಿಂತಿದ್ದ. ಅಕ್ಕನಾದವಳು ಅದನ್ನೂ ನೋಡಬೇಕಾಯಿತು.

ನೋಡುತ್ತಿದ್ದಂತೆ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ಆ ತಾಯಿಯ ಬಲಗೈ ಎಡಗೈಯ ಮಣಿಕಟ್ಟನ್ನು ಪದೇಪದೇ ತಡವುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ವಸ್ತು ಕಳೆದುಕೊಂಡವರನ್ನೇ ನೋಡುತ್ತ ಬಂದವಳಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇಷ್ಟು ದಿನ ಎಲ್ಲರೂ ಕೊಂದವನು ಯಾರು ಎಂದು ಕೇಳಿದ್ದರೇ ಹೊರತು ಕಳೆದದ್ದು ಏನು ಎಂದು ಒಬ್ಬರೂ ಕೇಳಿರಲಿಲ್ಲ. ತಾನೂ ಕೇಳಲಿಲ್ಲವಲ್ಲ ಎಂದು ಅವಳು ಮನಸ್ಸಿನಲ್ಲೇ ತನ್ನನ್ನು ಬೈದುಕೊಂಡಳು.

ಎದ್ದು ಹೋಗಿ ಆಕೆಯ ಮುಂದೆ ನೆಲದ ಮೇಲೆ ಕೂತಳು. "ಅಮ್ಮಾ, ನಿಮ್ಮ ಮಗಳ ಕೈಯಲ್ಲಿ ಏನಿತ್ತು?"

ತಾಯಿ ಮುಖ ತಿರುಗಿಸಿದಳು. ಗೋಡೆಗೆ ಹೇಳುವವಳಂತೆ ಹೇಳಿದಳು. "ವಾಚಿತ್ತು. ಪಟ್ಟಿ ಕಿತ್ತಿತ್ತು ಅಂತ ನಾನೇ ಹಸಿರು ದಾರದಲ್ಲಿ ಹೊಲಿದುಕೊಟ್ಟಿದ್ದೆ. ಮನೆಯೆಲ್ಲ ಹುಡುಕಿದೆ, ಸಿಗಲಿಲ್ಲ. ಬರ್ಕೊಳ್ಳಿ ಅಂದ್ರೆ, ಒಂದು ವಾಚಿಗೆ ಯಾಕಮ್ಮ ಅಂದ್ರು ಇವ್ರು."

ದಫೇದಾರರು ಥಟ್ಟನೆ ಕಾಗದಗಳಲ್ಲಿ ಮುಖ ಹುದುಗಿಸಿದರು.

"ನಿಮ್ಮ ಕೈ ಕೊಡಿ."

"ಅವನ ಅಕ್ಕ ನೀನು. ನಿನ್ನ ಕೈ ಹಿಡೀಲಾ ನಾನು?"

"ನನ್ನ ತಮ್ಮ ತಗೊಂಡಿದ್ರೆ ಅದು ನಮ್ಮನೇಲೇ ಇರತ್ತೆ. ಅಲ್ಲೇ ಇದೆ ಅಂತ ನಾನೇ ಹೇಳ್ತೀನಿ. ಹಿಡೀರಿ."

ತಾಯಿ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಕೈ ಚಾಚಿದಳು.

ಸಿಕ್ತಕ್ಕ ಕಣ್ಣು ಮುಚ್ಚಿದಳು. ಇಷ್ಟು ಜೋರಾಗಿ ಹುಡುಕುವ ಕೈಯನ್ನು ಅವಳು ಜನ್ಮದಲ್ಲೇ ಹಿಡಿದಿರಲಿಲ್ಲ. ಕತ್ತಲು ಕಂಡಿತು. ತಗಡಿನ ತಳ, ಎಣ್ಣೆಯ ವಾಸನೆ, ಒಂದಕ್ಕೊಂದು ತಾಗುವ ಕಬ್ಬಿಣದ ಚೂರುಗಳು, ಅದರ ನಡುವೆ ಇನ್ನೂ ನಡೆಯುತ್ತಿರುವ ವಾಚು. ಜಾಗ ಯಾವುದೆಂದು ಹಿಡಿಯಲು ನೋಡಿದಳು, ಜಾಗ ನಿಲ್ಲಲೊಲ್ಲದು. ಸಾಮಾನ್ಯವಾಗಿ ಕಳೆದ ವಸ್ತು ಬಿದ್ದಲ್ಲಿ ಬಿದ್ದಿರುತ್ತದೆ. ಇದು ಚಲಿಸುತ್ತಿತ್ತು.

"ಸಾರ್," ಎಂದಳು ಕಣ್ಣು ಬಿಡದೆ, "ಅದು ಬರ್ತಾ ಇದೆ. ಗೇಟು ದಾಟಿತು. ಮೆಟ್ಟಿಲು ಹತ್ತುತಾ ಇದೆ."

ಇನ್ಸ್‌ಪೆಕ್ಟರು ಬಾಗಿಲ ಕಡೆ ನೋಡಿದರು. ಬೀಗ ರಿಪೇರಿಯವನು ತಗಡಿನ ಪೆಟ್ಟಿಗೆ ಹಿಡಿದು, ತಡವಾಯ್ತು ಸಾರ್ ಎನ್ನುತ್ತ ನಗುನಗುತ್ತ ಒಳಗೆ ಬಂದ.

"ಸಿಕ್ತು," ಎಂದಳು ಸಿಕ್ತಕ್ಕ.

ಪೆಟ್ಟಿಗೆ ಇಲ್ಲಿ ಇಡು ಎಂದು ಇನ್ಸ್‌ಪೆಕ್ಟರು ಮೆಲ್ಲಗೆ ಹೇಳಿದರು. ಅವನು ಇಡಲಿಲ್ಲ, ಬಂದ ದಾರಿಗೆ ತಿರುಗಿದ. ಆದರೆ ಅಷ್ಟರಲ್ಲಿ ದಫೇದಾರರು ಕಾಗದ ಬಿಟ್ಟೆದ್ದು ಬಾಗಿಲಿಗೆ ಅಡ್ಡ ನಿಂತಿದ್ದರು. ಬರೆದುಕೊಳ್ಳದ ತಪ್ಪಿನ ಭಾರವೂ ಸೇರಿ ಅವರ ತೂಕ ಅಂದು ಇನ್ನೂ ಹೆಚ್ಚಾಗಿತ್ತೇನೋ, ಅವನ ಮೇಲೆ ಬಿದ್ದವರು ಕೋಳ ತೊಡಿಸುವ ತನಕ ಏಳಲಿಲ್ಲ. ಪೆಟ್ಟಿಗೆಯ ತಳದಲ್ಲಿ ಮೂರು ಕೀಲಿಗಳಿದ್ದವು. ಒಂದಕ್ಕೆ ಓಲೆ ಕಟ್ಟಿತ್ತು, ಇನ್ನೊಂದಕ್ಕೆ ಕೂದಲ ಕ್ಲಿಪ್ಪು, ಮೂರನೆಯದಕ್ಕೆ ಹಸಿರು ದಾರದ ಹೊಲಿಗೆಯ ವಾಚು. ಆ ಮೂರು ಮನೆಗಳಿಗೆ ಹೊಸ ಬೀಗ ಹಾಕಿಕೊಟ್ಟಾಗಲೇ ಅವನು ಒಂದು ಕೀಲಿಯನ್ನು ತನಗೆಂದು ಇಟ್ಟುಕೊಳ್ಳುತ್ತಿದ್ದ. ಪೊಲೀಸರ ಜೊತೆಗೇ ಬರುತ್ತಿದ್ದವನನ್ನು ಪಟ್ಟಿಗೆ ಸೇರಿಸಲು ಯಾರಿಗೂ ಹೊಳೆದಿರಲಿಲ್ಲ.

ವಾಚು ಸಾಕ್ಷಿಗೆ ಬೇಕು, ಈಗ ಕೊಡಲಾಗದು ಎಂದು ಇನ್ಸ್‌ಪೆಕ್ಟರು ತಲೆ ತಗ್ಗಿಸಿ ಹೇಳಿದರು. ಇಟ್ಟುಕೊಳ್ಳಿ, ಎಲ್ಲರೂ ನೋಡಲಿ ಎಂದಳು ತಾಯಿ.

ಆಗ ಎಲ್ಲರಿಗೂ ಲಾಕಪ್ಪಿನ ನೆನಪಾಯಿತು. ತೆಗೆಯಬೇಕಾದವನೇ ಕೋಳ ತೊಟ್ಟು ಕೂತಿದ್ದಾನೆ. ಪೇದೆ ಉಗ್ರಾಣದಿಂದ ದೊಡ್ಡ ಸುತ್ತಿಗೆ ತಂದು ನಾಲ್ಕು ಏಟು ಹಾಕಿದ, ಬೀಗ ಅಲ್ಲಾಡಲಿಲ್ಲ. ತಾಯಿ ಎದ್ದು ಬಂದು ಸುತ್ತಿಗೆಗೆ ಕೈ ಚಾಚಿದಳು. ಕೊಡಬೇಡ ಅನ್ನುವ ಧೈರ್ಯ ಇನ್ಸ್‌ಪೆಕ್ಟರಿಗೂ ಬರಲಿಲ್ಲ.

ಮೊದಲ ಏಟಿಗೆ ಕಿಡಿ ಹಾರಿತು. ಎರಡನೆಯದಕ್ಕೆ ಚಿಲಕ ಬಾಗಿತು. ಎರಡು ತಿಂಗಳಿಂದ ಬಾಗಿಲು ಹಾಕಿಕೊಂಡೇ ಇದ್ದ ಊರಿನ ಜನ ಆ ಸದ್ದಿಗೆ ಠಾಣೆಯ ಅಂಗಳಕ್ಕೆ ಓಡಿ ಬಂದರು. ಮೂರನೆಯ ಏಟಿಗೆ ಬೀಗ ನೆಲಕ್ಕೆ ಬಿತ್ತು.

ತಾಯಿ ಏದುಸಿರು ಬಿಡುತ್ತ ಬಾಗಿಲನ್ನು ತಾನೇ ಎಳೆದು ತೆರೆದಳು. ಸೆರಗಿನ ತುದಿಯಿಂದ ಒಳಗಿದ್ದವನ ಕೆನ್ನೆ ಒರೆಸಿದಳು.

"ಬಾಪ್ಪಾ," ಎಂದಳು, "ನಿನ್ನಕ್ಕ ಕಾಯ್ತಿದ್ದಾಳೆ."