ನೀನಾಳ ಮೊದಲ ಮಡಕೆ

ಬೆಳಿಗ್ಗೆ ಗಿಳಿಗಳು ಮಣ್ಣು ತಿನ್ನುವ ದಿಬ್ಬ, ಆಮೇಲೆ ನೀರುನಾಯಿಗಳ ಕೆರೆ, ಊಟ, ಸಣ್ಣ ನಿದ್ದೆ, ಸಂಜೆಗೆ ದೆಲಿಸಿಯಾಳ ಮನೆ. ನಾಪೊ ನದಿಯ ಆಚೆ ದಡದ ಲಾಡ್ಜಿನವರು ಅತಿಥಿಗಳಿಗೆ ಕಾಡು ತೋರಿಸುತ್ತಿದ್ದುದು ಹೀಗೆ. ಗಿಳಿ, ನೀರುನಾಯಿ, ದೆಲಿಸಿಯಾ. ಈ ಸಾಲು ನೆನಪಾದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಆದರೂ ಒಪ್ಪಿಕೊಂಡಿದ್ದಳು, ಏಕೆಂದರೆ ಕರೆದುಕೊಂಡು ಬರುವ ಗೈಡು ಅವಳ ಒಡಹುಟ್ಟಿದ ತಮ್ಮ ಗಾಲೊ.

ಅವತ್ತು ಬಂದವರಿಗೆ ಕುಡಿಯಲು ಕೊಡುವ ಚೀಚಾ ಮಗಳು ನೀನಾ ಮಾಡಿದ್ದು. ಮರಗೆಣಸು ಬೇಯಿಸಿ, ಕುಟ್ಟಿ, ದವಡೆ ನೋಯುವಷ್ಟು ಜಗಿದು, ಮಡಕೆಯಲ್ಲಿ ಹುಳಿ ಬರಿಸಿದ್ದಳು. ಹುಡುಗಿಯ ಮೊದಲ ಮಡಕೆ. ಅದನ್ನು ನೆಂಟರು ಕುಡಿದು ಬರಿದು ಮಾಡಿದರೆ ಅವಳು ಮನೆ ನಡೆಸಬಲ್ಲಳು ಎಂದು ಅರ್ಥ. ಹಾಗಾಗಿ ಬೆಳಗಿನಿಂದ ನೀನಾ ಸೋದರಮಾವನ ದಾರಿ ಕಾಯುತ್ತಿದ್ದಳು.

ಗಾಲೊ ಬಂದ. ಲಾಡ್ಜಿನ ಹಸಿರು ಅಂಗಿ, ಕೊರಳಲ್ಲಿ ದುರ್ಬೀನು, ಹಿಂದೆ ರಬ್ಬರ್ ಬೂಟಿನ ಅತಿಥಿಗಳು. ನೀನಾ ಸೋರೆಬುರುಡೆಯ ಬಟ್ಟಲು ತುಂಬಿ ಎರಡೂ ಕೈಯಲ್ಲಿ ನೀಡಿದಳು.

ಗಾಲೊ ಸ್ಪ್ಯಾನಿಷ್‌ನಲ್ಲಿ ನಗುತ್ತ ಅಂದ: "ಕುಡಿಯೋಕೆ ಹೋಗ್ಬೇಡಿ. ಸುಮ್ನೆ ತುಟಿಗೆ ತಾಗಿಸಿ ಫೋಟೊ ತಕ್ಕೊಳ್ಳಿ. ಈ ಜನ ಇದನ್ನ ಜಗಿದು ಉಗಿದು ಮಾಡ್ತಾರೆ."

ಈ ಜನವಂತೆ! ಇದನ್ನೇ ಕುಡಿದು ಮೀಸೆ ಬರಿಸಿಕೊಂಡ ದೊರೆ. ಸ್ಪ್ಯಾನಿಷ್ ದೆಲಿಸಿಯಾಗೂ ಬರುತ್ತಿತ್ತು, ಶಾಲೆಗೆ ಹೋಗುವ ನೀನಾಗೂ ಬರುತ್ತಿತ್ತು. ಅತಿಥಿಗಳು ತುಟಿಗೆ ತಾಗಿಸಿದ ಬಟ್ಟಲನ್ನು ಬೆಂಚಿನಡಿ ಇಟ್ಟರು. ನೀನಾ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು.

ದೆಲಿಸಿಯಾ ಇನ್ನೊಂದು ಬಟ್ಟಲು ತುಂಬಿ ತಮ್ಮನ ಮೂತಿಗೆ ಹಿಡಿದಳು. ಈಗ ಮಾತು ಅವರ ಮನೆಭಾಷೆ ಕಿಚ್ವಾದಲ್ಲಿ.

"ಕುಡಿ."

"ಡ್ಯೂಟೀಲಿದೀನಿ ಅಕ್ಕ."

"ಅಕ್ಕನ ಮಗಳ ಮೊದಲನೇ ಮಡಕೆ ಕಣೋ."

"ಗೊತ್ತು. ಇವ್ರ ಮುಂದೆ ಬಾಯಿ ವಾಸನೆ ಬಂದ್ರೆ ಹೇಗೆ? ನೀನೂ ಸ್ವಲ್ಪ ಅರ್ಥ ಮಾಡ್ಕೊ."

ಕೊಟ್ಟ ಚೀಚಾ ಬೇಡವೆಂದವನ ತಲೆಗೆ ಅದನ್ನು ಸುರಿಯುವ ಹಕ್ಕು ಈಚೆ ದಡದ ಪ್ರತಿ ಹೆಂಗಸಿಗೂ ಇದೆ. ಹಬ್ಬದಲ್ಲಿ ನಗುತ್ತ ಸುರಿಯುತ್ತಾರೆ. ದೆಲಿಸಿಯಾ ನಗದೆ ಸುರಿದಳು. ದುರ್ಬೀನು, ಹಸಿರು ಅಂಗಿ ಎಲ್ಲ ತೊಯ್ದವು.

ಅತಿಥಿಗಳು ಚಪ್ಪಾಳೆ ತಟ್ಟಿದರು. ಒಬ್ಬಾಕೆಗೆ ಫೋಟೊ ತಪ್ಪಿತಂತೆ, ಇನ್ನೊಮ್ಮೆ ಸುರಿ ಎಂದು ಸನ್ನೆ ಮಾಡಿದಳು. ಗಾಲೊ ಮುಖ ಒರೆಸಿಕೊಂಡು, "ಇದೂ ನಮ್ಮ ಪದ್ಧತಿ" ಎಂದು ಹಲ್ಲು ಕಿರಿದ. ಈಗ ನಮ್ಮದಾಯಿತು! ಅವಮಾನ ಮಾಡಲು ಹೋಗಿ ಅವನಿಗೊಂದು ಆಟ ಕಟ್ಟಿಕೊಟ್ಟೆನಲ್ಲ ಎಂದು ದೆಲಿಸಿಯಾ ರಾತ್ರಿಯಿಡೀ ಕುದಿದಳು. ನೀನಾ ಮಡಕೆಯ ಹತ್ತಿರ ಸುಳಿಯಲಿಲ್ಲ.

ವಾರ ಕಳೆಯುವ ಮೊದಲೇ ಗಾಲೊ ಹೊಸ ಅತಿಥಿಗಳೊಡನೆ ಬಂದ. ಈ ಸಲ ಹಳೇ ಅಂಗಿ.

"ಲಾಡ್ಜಿನವ್ರಿಗೆ ಭಾರಿ ಹಿಡಿಸ್ಬಿಟ್ಟಿದೆ ಅಕ್ಕ. ಪ್ರತಿ ಸಲಾನೂ ಸುರೀಬೇಕಂತೆ. ಹ್ಞೂಂ, ಸುರಿ" ಎಂದು ತಲೆ ಬಗ್ಗಿಸಿ ಕೂತ. ಕ್ಯಾಮೆರಾಗಳು ಎದ್ದವು.

ದೆಲಿಸಿಯಾ ಅವನತ್ತ ನೋಡದೆ ಮಗಳನ್ನು ಕರೆದಳು. "ನೀನಾ, ನಿನ್ನ ಮಡಕೆ ತಾ. ಕುಡಿಯೋರಿಗೆ ಕೊಡು."

ನೀನಾ ಹಿಂಜರಿಯುತ್ತಲೇ ಬಟ್ಟಲು ತುಂಬಿದಳು. ಮೆಟ್ಟಿಲ ಮೇಲೆ ಕೂತಿದ್ದ ದೋಣಿ ನಡೆಸುವ ಎವುಸೆಬಿಯೊ ಗಟಗಟ ಕುಡಿದು, "ಚೆನ್ನಾಗಿ ಹುಳಿ ಏರಿದೆ ಮಗಾ, ಇನ್ನೊಂದು ಹಾಕು" ಎಂದ. ಪಕ್ಕದ ಮನೆಯ ಅಜ್ಜಿ ಕುಡಿದಳು, ಅಜ್ಜಿಯ ಸೊಸೆ ಕುಡಿದಳು. ಬಟ್ಟಲು ಪ್ರತಿ ಸಲವೂ ಗಾಲೊನನ್ನು ದಾಟಿ ಹೋಯಿತು.

ಗಾಲೊ ತಲೆ ಎತ್ತಿದ. ಜಗಳವಾಡಿಕೊಂಡವನನ್ನೂ ಒಂದು ಬಟ್ಟಲು ಕೊಡದೆ ಆ ಊರಲ್ಲಿ ಯಾರೂ ಕಳಿಸುವುದಿಲ್ಲ. ಅಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಏನೂ ತಿಳಿಯದ ಅತಿಥಿಗಳು ಕಾಯುತ್ತಿದ್ದರು.

"ಸುರೀದಿದ್ರೆ ಬೇಡ ಬಿಡು ಅಕ್ಕ," ಎಂದ, ದನಿ ತಗ್ಗಿಸಿ. "ಒಂದು ಗುಟುಕು ಕೊಡು. ಬಾಯಾರಿದೆ."

ದೆಲಿಸಿಯಾ ಬಾಯಿ ತೆರೆಯುವ ಮೊದಲೇ ನೀನಾ, ಮಡಕೆಯ ತಳ ಬಳಿಯುತ್ತ, ಹೇಳಿದಳು:

"ನದಿ ಅಲ್ಲೇ ಇದೆ ಮಾಮ."